ಯೋಚಿಸುವ ಯಂತ್ರದ ಕನಸು ಕಂಡ ಅಲನ್ ಟ್ಯೂರಿಂಗ್

ಈಗ ಎಲ್ಲರ ಬಾಯಲ್ಲೂ ಎಐ. ಮುಂದೆ ಮನುಷ್ಯನ ಮೆದುಳಿಗೇ ಚಿಪ್ ಹಾಕಿ ಎಐ ಜೊತೆ ಸೇರಿಸಿಬಿಡುತ್ತಾರಂತೆ, ಆಮೇಲೆ ಓದುವುದೂ ಬೇಡ, ಪರೀಕ್ಷೆಯೂ ಬೇಡ ಎಂದು ನಮ್ಮ ತರಗತಿಯಲ್ಲಿ ಕೆಲವರು ಈಗಲೇ ಖುಷಿಯಾಗಿದ್ದಾರೆ. ಪೂರ್ತಿ ಸುಳ್ಳೂ ಅಲ್ಲ. 2024ರ ಜನವರಿಯಲ್ಲಿ ಅಮೆರಿಕದ ನ್ಯೂರಾಲಿಂಕ್ ಕಂಪನಿ ಕೈಕಾಲು ಸ್ವಾಧೀನವಿಲ್ಲದ ಒಬ್ಬ ವ್ಯಕ್ತಿಯ ಮೆದುಳಿನಲ್ಲಿ ತನ್ನ ಮೊದಲ ಚಿಪ್ ಇರಿಸಿತು. ಅವರು ಕೈ ಅಲ್ಲಾಡಿಸದೆ, ಮನಸ್ಸಿನಲ್ಲಿ ಅಂದುಕೊಂಡೇ ಕಂಪ್ಯೂಟರಿನಲ್ಲಿ ಚೆಸ್ ಆಡಿದರು. ಆದರೆ ಮನುಷ್ಯನ ಮನಸ್ಸು ಎಲ್ಲಿ ಮುಗಿಯುತ್ತದೆ, ಯಂತ್ರ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ಈ ಚಿಪ್ಪಿಗಿಂತ ತುಂಬಾ ಹಳೆಯದು. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರು ಅಲನ್ ಟ್ಯೂರಿಂಗ್. ಅವರು ತೀರಿಕೊಂಡು ಎಪ್ಪತ್ತು ವರ್ಷ ದಾಟಿದೆ. ಸೈನ್ಸ್‌ನವರು ಅವರನ್ನು ತಮ್ಮವರು ಅಂದುಕೊಂಡಿದ್ದಾರೆ. ಕಾಮರ್ಸ್‌ನವರಿಗೂ ಅವರ ಮೇಲೆ ಹಕ್ಕಿದೆ ಎಂದು ತೋರಿಸುವುದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು ಲಂಡನ್ನಿನಲ್ಲಿ. ಆದರೆ ಮನೆಯ ಅನ್ನ ಬರುತ್ತಿದ್ದುದು ನಮ್ಮ ಕಡೆಯಿಂದ. ತಂದೆ ಜೂಲಿಯಸ್ ಟ್ಯೂರಿಂಗ್ ಇಂಡಿಯನ್ ಸಿವಿಲ್ ಸರ್ವಿಸ್ ಅಧಿಕಾರಿ. 1896ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬಂದವರು ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಬೆಳೆ, ನೀರಾವರಿ, ಲೆಕ್ಕಪತ್ರ ನೋಡುತ್ತಾ ತಿರುಗಿದರು. ಇವತ್ತು ನಮ್ಮ ರಾಜ್ಯದಲ್ಲಿರುವ ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ತಾಯಿ ಎಥೆಲ್ ಸಾರಾ ಸ್ಟೋನಿ ಹುಟ್ಟಿದ್ದೇ ಕೊಯಮತ್ತೂರಿನ ಹತ್ತಿರದ ಪೊದನೂರಿನಲ್ಲಿ. ಅವರ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ತುಂಗಭದ್ರೆಗೆ ರೈಲು ಸೇತುವೆ ಕಟ್ಟಿಸಿದವರು, ಸದ್ದು ಮಾಡದೆ ತಿರುಗುವ ಪಂಖಾ ಚಕ್ರವೊಂದನ್ನು ಕಂಡುಹಿಡಿದು ಪೇಟೆಂಟ್ ಮಾಡಿಸಿದವರು. ಅಜ್ಜನ ಯಂತ್ರದ ಹುಚ್ಚು ಮೊಮ್ಮಗನಿಗೆ ಬಂತು ಅಂತ ನಮ್ಮ ದಾದಿ ಕೇಳಿದರೆ ಹೇಳಿಯಾರು.

ಅಪ್ಪ ಅಮ್ಮ ಭಾರತದಲ್ಲಿ, ಮಕ್ಕಳು ಇಂಗ್ಲೆಂಡಿನಲ್ಲಿ. ಅಲನ್ ಮತ್ತು ಅವನ ಅಣ್ಣ ಜಾನ್ ಇಬ್ಬರನ್ನೂ ಸಮುದ್ರ ದಂಡೆಯ ಒಂದು ಊರಿನಲ್ಲಿ ನಿವೃತ್ತ ಕರ್ನಲ್ ಒಬ್ಬರ ಮನೆಯಲ್ಲಿ ಬಿಟ್ಟಿದ್ದರು. ಅಮ್ಮ ಕೆಲವು ತಿಂಗಳು ಬಂದಿದ್ದು ಮತ್ತೆ ಹಡಗು ಹತ್ತುತ್ತಿದ್ದರು. ಇದು ನಮಗೆ ಅರ್ಥವಾಗದ ಸಂಗತಿಯಲ್ಲ. ಅಬ್ಬಾ ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ಮಕ್ಕಳು ನಮ್ಮ ಕಾಲೇಜಿನ ಪ್ರತಿ ಬೆಂಚಿನಲ್ಲೂ ಸಿಗುತ್ತಾರೆ. ನಮಗೆ ವಿಡಿಯೊ ಕಾಲ್ ಇದೆ, ಆ ಹುಡುಗನಿಗೆ ವಾರಗಟ್ಟಲೆ ತಡವಾಗಿ ಬರುವ ಕಾಗದ ಮಾತ್ರ ಇತ್ತು.

ಹುಡುಗನ ಅಕ್ಷರ ಕೆಟ್ಟದು, ಪುಸ್ತಕದ ತುಂಬಾ ಶಾಯಿಯ ಕಲೆ. ಹಟ ಮಾತ್ರ ದೊಡ್ಡದು. 1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನ ದೇಶವಿಡೀ ಮುಷ್ಕರ, ರೈಲಿಲ್ಲ. ಹದಿಮೂರು ವರ್ಷದ ಅಲನ್ ಬಂದರಿನಿಂದ ಸೈಕಲ್ ಹತ್ತಿ ಸುಮಾರು ತೊಂಬತ್ತೈದು ಕಿಲೋಮೀಟರ್ ತುಳಿದು, ನಡುವೆ ಒಂದು ರಾತ್ರಿ ತಂಗಿ, ಶಾಲೆ ತಲುಪಿದ. ಉಮ್ಮಚಗಿಯಿಂದ ಶಿರಸಿಗೆ ಹೋಗುವ ಬಸ್ಸು ತಪ್ಪಿದರೆ ಮನೆಗೆ ವಾಪಸ್ ಬರುವ ನಾವು ಇದನ್ನು ಓದಿ ಸುಮ್ಮನಿರುವುದು ವಾಸಿ.

ಆ ಶಾಲೆಯಲ್ಲಿ ಅವನಿಗೆ ಸಿಕ್ಕ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್, ಒಂದು ವರ್ಷ ದೊಡ್ಡವನು. ಗಣಿತ, ನಕ್ಷತ್ರ, ರಸಾಯನಶಾಸ್ತ್ರ ಎಲ್ಲದರಲ್ಲೂ ಮುಂದು, ಕೆಲಸ ಅಚ್ಚುಕಟ್ಟು. ಅವನನ್ನು ನೋಡಿಯೇ ಅಲನ್ ಅಚ್ಚುಕಟ್ಟಾಗಿ ಬರೆಯಲು ಕಲಿತ. 1929ರ ಡಿಸೆಂಬರಿನಲ್ಲಿ ಇಬ್ಬರೂ ಕೇಂಬ್ರಿಡ್ಜಿನ ವಿದ್ಯಾರ್ಥಿವೇತನ ಪರೀಕ್ಷೆ ಬರೆದರು. ಕ್ರಿಸ್ಟೋಫರ್‌ಗೆ ಸಿಕ್ಕಿತು, ಅಲನ್‌ಗೆ ಸಿಗಲಿಲ್ಲ. ಎರಡೇ ತಿಂಗಳಲ್ಲಿ, 1930ರ ಫೆಬ್ರವರಿ 13ರಂದು, ಕ್ರಿಸ್ಟೋಫರ್ ತೀರಿಕೊಂಡ. ಚಿಕ್ಕಂದಿನಲ್ಲಿ ಸೋಂಕಿದ ಹಸುವಿನ ಹಾಲು ಕುಡಿದು ಬಂದಿದ್ದ ಕ್ಷಯ ಒಳಗೇ ಇತ್ತು.

ಟ್ಯೂರಿಂಗ್ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದರ ನಂತರ ನಡೆದದ್ದು. ಗೆಳೆಯನ ತಾಯಿಗೆ ಅವರು ವರ್ಷಗಳ ಕಾಲ ಕಾಗದ ಬರೆದರು, ಅವರ ಮನೆಗೆ ಹೋಗಿ ಉಳಿದರು, ಗೆಳೆಯನ ಕೋಣೆ ನೋಡಿಬಂದರು. ಕಾಲೇಜಿಗೆ ಸೇರಿದ ಮೇಲೆ ಆ ತಾಯಿಗಾಗಿಯೇ ಆತ್ಮದ ಬಗ್ಗೆ ಒಂದು ಚಿಕ್ಕ ಬರಹ ಬರೆದುಕೊಟ್ಟರು. ಆತ್ಮವು ದೇಹಕ್ಕೆ ಅಂಟಿಕೊಂಡಿರುತ್ತದೆ, ದೇಹದ ಯಾವುದೋ ಏರ್ಪಾಡು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ, ದೇಹ ಸತ್ತಾಗ ಆ ಹಿಡಿತ ತಪ್ಪುತ್ತದೆ, ಆಗ ಆತ್ಮ ಬೇಗನೋ ತಡವಾಗಿಯೋ ಬೇರೆ ದೇಹ ಹುಡುಕಿಕೊಳ್ಳಬಹುದು ಎನ್ನುವುದು ಅದರ ಸಾರ. ಮಗನನ್ನು ಕಳೆದುಕೊಂಡ ತಾಯಿಗೆ ಹುಡುಗನೊಬ್ಬ ಹೇಳಿದ ಸಮಾಧಾನ ಅದು. ಮನಸ್ಸು ಒಂದು ದೇಹವನ್ನು ಬಿಟ್ಟು ಇನ್ನೊಂದರಲ್ಲಿ ಇರಬಹುದೇ ಎಂಬ ಯೋಚನೆ ಅವರ ತಲೆಗೆ ಬಂದದ್ದು ಯಂತ್ರ ನೋಡಿ ಅಲ್ಲ, ಸಾವು ನೋಡಿ. ಮುಂದೆ ಅವರು ದೇವರ ನಂಬಿಕೆಯಿಂದ ದೂರ ಹೋದರು. ಪ್ರಶ್ನೆ ಅವರನ್ನು ಬಿಡಲಿಲ್ಲ.

1931ರಲ್ಲಿ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜು ಸೇರಿದರು, 1935ರಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೆ ಅಲ್ಲೇ ಫೆಲೋ ಆದರು. 1936ರಲ್ಲಿ ಆ ಪ್ರಸಿದ್ಧ ಪ್ರಬಂಧ ಬರೆದರು. ಅದರಲ್ಲಿ ಕಂಪ್ಯೂಟರ್ ಎಂಬ ಪದ ಬರುತ್ತದೆ, ಆದರೆ ಅದರ ಅರ್ಥ ಯಂತ್ರವಲ್ಲ. ಆ ಕಾಲದಲ್ಲಿ ಕಂಪ್ಯೂಟರ್ ಎಂದರೆ ಸಂಬಳಕ್ಕೆ ಕೂತು ಲೆಕ್ಕ ಮಾಡುವ ಮನುಷ್ಯ. ನಮ್ಮ ಮನೆಯಲ್ಲಿ ಅವರಿಗೆ ಮುನ್ಷಿ ಅನ್ನುತ್ತೇವೆ, ಪೇಟೆಯಲ್ಲಿ ಗುಮಾಸ್ತ.

ಟ್ಯೂರಿಂಗ್ ಮಾಡಿದ್ದು ಇಷ್ಟೇ: ಆ ಗುಮಾಸ್ತ ಲೆಕ್ಕ ಮಾಡುವಾಗ ನಿಜವಾಗಿ ಏನು ಮಾಡುತ್ತಾನೆ ಎಂದು ಕೂತು ನೋಡಿದರು. ಮಕ್ಕಳ ಲೆಕ್ಕದ ಪುಸ್ತಕದಂಥ ಚೌಕಳಿ ಕಾಗದ. ಒಂದು ಸಲಕ್ಕೆ ಅವನ ಕಣ್ಣು ಕೆಲವೇ ಚೌಕ ನೋಡುತ್ತದೆ. ಅಲ್ಲಿರುವ ಅಂಕಿ, ತಲೆಯಲ್ಲಿರುವ ಆ ಹೊತ್ತಿನ ಸ್ಥಿತಿ, ಇವೆರಡನ್ನು ನೋಡಿ ಮುಂದಿನ ಹೆಜ್ಜೆ ಇಡುತ್ತಾನೆ: ಬರೆಯುತ್ತಾನೆ, ಅಳಿಸುತ್ತಾನೆ, ಪಕ್ಕಕ್ಕೆ ಸರಿಯುತ್ತಾನೆ. ಅಡಿಕೆ ಮಂಡಿಯಲ್ಲಿ ರೋಕಡಿ ಪುಸ್ತಕದಿಂದ ಖಾತೆಗೆ ಎತ್ತಿ ಬರೆಯುವವರನ್ನು ನೋಡಿ. ಒಂದು ನಮೂದು, ಇದು ಡೆಬಿಟ್ಟೋ ಕ್ರೆಡಿಟ್ಟೋ, ಬರೆ, ಮುಂದಿನದು. ನಡುವೆ ಊಟಕ್ಕೆ ಏಳುವುದಾದರೆ ಎಲ್ಲಿಗೆ ನಿಂತಿದೆ ಎಂದು ಚೀಟಿ ಬರೆದಿಟ್ಟರೆ ಸಾಕು, ಬೇರೆಯವರೂ ಬಂದು ಮುಂದುವರಿಸಬಹುದು. ಈ ಚೀಟಿಯ ಮಾತೂ ಅವರ ಪ್ರಬಂಧದಲ್ಲಿದೆ. ತಲೆಯ ಸ್ಥಿತಿಯನ್ನೇ ಕಾಗದದ ಮೇಲೆ ಇಡಬಹುದಾದರೆ, ಆ ಕೆಲಸಕ್ಕೆ ತಲೆಯೇ ಬೇಕೆಂದಿಲ್ಲ, ಯಂತ್ರವೂ ಮಾಡೀತು. ಅಷ್ಟೇ ಅಲ್ಲ, ಬೇರೆ ಬೇರೆ ಯಂತ್ರಗಳ ಚೀಟಿಯನ್ನು ಓದಿ ಅವೆಲ್ಲದರ ಕೆಲಸವನ್ನೂ ಮಾಡುವ ಒಂದೇ ಯಂತ್ರ ಸಾಧ್ಯ ಎಂದು ಅವರು ತೋರಿಸಿದರು. ನಮ್ಮ ಕೈಯಲ್ಲಿರುವ ಮೊಬೈಲು ಅದೇ. ಫೋನ್‌ಪೇ ಹಾಕಿದರೆ ಬ್ಯಾಂಕು, ಕ್ಯಾಲ್ಕ್ಯುಲೇಟರ್ ಹಾಕಿದರೆ ಲೆಕ್ಕದ ಯಂತ್ರ.

ಇಲ್ಲಿ ಇಬ್ಬರನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಬಿಡಿಸುವ ಕ್ರಮಕ್ಕೆ ಅಲ್ಗಾರಿದಮ್ ಎಂಬ ಹೆಸರು ಬಂದದ್ದು ಒಂಬತ್ತನೆಯ ಶತಮಾನದ ಬಗ್ದಾದಿನ ಅಲ್ ಖ್ವಾರಿಜ್ಮಿ ಅವರ ಹೆಸರಿನಿಂದ. ಅವರ ಬೀಜಗಣಿತದ ಪುಸ್ತಕದ ದೊಡ್ಡ ಭಾಗ ವಿರಾಸತ್ ಹಂಚುವ ಲೆಕ್ಕ, ಅಂದರೆ ಅದೂ ಕಾಮರ್ಸೇ. ಇನ್ನೊಬ್ಬರು ನಮ್ಮ ಬೆಂಗಳೂರಿನ ಶಕುಂತಲಾ ದೇವಿ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಬಾಯಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದವರು. ಅವರನ್ನು ಜನ ಮಾನವ ಕಂಪ್ಯೂಟರ್ ಎಂದು ಹೊಗಳಿದರು. ಅಷ್ಟು ಹೊತ್ತಿಗೆ ಪದ ಪೂರ್ತಿ ಮಗುಚಿಕೊಂಡಿತ್ತು: ಮನುಷ್ಯರ ಹೆಸರು ಯಂತ್ರಕ್ಕೆ ಹೋಗಿ, ಯಂತ್ರದ ಹೆಸರು ಮನುಷ್ಯರಿಗೆ ಬಿರುದಾಗಿ ಬಂತು.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದ ಮರುದಿನವೇ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬ ಗುಟ್ಟಿನ ಕೇಂದ್ರಕ್ಕೆ ಹೋದರು. ಜರ್ಮನ್ನರು ಎನಿಗ್ಮಾ ಎಂಬ ಯಂತ್ರದಿಂದ ಸಂದೇಶಗಳನ್ನು ಗೂಢ ಮಾಡಿ ಕಳಿಸುತ್ತಿದ್ದರು. ಅದನ್ನು ಹೊಂದಿಸುವ ರೀತಿಗಳನ್ನು ಎಣಿಸಿದರೆ 21 ಅಂಕಿಗಳ ಸಂಖ್ಯೆ ಬರುತ್ತದೆ, ಮತ್ತು ಹೊಂದಿಕೆ ದಿನಾ ಬದಲಾಗುತ್ತಿತ್ತು. ಪೋಲೆಂಡಿನ ಗಣಿತಜ್ಞರು ಇದನ್ನು ಮೊದಲೇ ಭೇದಿಸಿದ್ದರು, ತಮ್ಮ ದೇಶ ಬೀಳುವ ಮುಂಚೆ ಗುಟ್ಟನ್ನು ಬ್ರಿಟಿಷರಿಗೆ ಕೊಟ್ಟಿದ್ದರು. ಅವರ ಹೆಸರು ಎಲ್ಲರೂ ಬಿಡುತ್ತಾರೆ, ನಾನು ಬಿಡುವುದಿಲ್ಲ: ರೆಯೆವ್ಸ್ಕಿ, ರುಜಿತ್ಸ್ಕಿ, ಜಿಗಾಲ್ಸ್ಕಿ.

ಟ್ಯೂರಿಂಗ್ ರೂಪಿಸಿದ ಯಂತ್ರಕ್ಕೆ ಬಾಂಬ್ ಎಂದು ಹೆಸರು. ಸಿಡಿಯುವ ಬಾಂಬಲ್ಲ, ಬೀರುವಿನಷ್ಟು ದೊಡ್ಡದಾದ, ತಿರುಗುವ ಚಕ್ರಗಳ ಪೆಟ್ಟಿಗೆ. ಅದನ್ನು ಕಟ್ಟಿಕೊಟ್ಟದ್ದು ಬ್ರಿಟಿಷ್ ಟ್ಯಾಬುಲೇಟಿಂಗ್ ಮೆಷಿನ್ ಕಂಪನಿ, ಅಂದರೆ ಆಫೀಸುಗಳ ಲೆಕ್ಕಪತ್ರಕ್ಕೆ ರಂಧ್ರದ ಕಾರ್ಡಿನ ಯಂತ್ರ ಮಾಡುತ್ತಿದ್ದವರು. ಕೆಲಸ ನಡೆಯುತ್ತಿದ್ದುದು ಹೀಗೆ. ಸಂದೇಶದಲ್ಲಿ ಇಂಥ ಮಾತು ಇರಲೇಬೇಕು ಎಂದು ಮೊದಲು ಮನುಷ್ಯ ಊಹಿಸಬೇಕು, ಹವಾಮಾನ ವರದಿ ಎಂಬಂಥ ಮಾತು. ಎನಿಗ್ಮಾದಲ್ಲಿ ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಬರುವುದಿಲ್ಲ. ಆದ್ದರಿಂದ ಊಹೆಯ ಮಾತನ್ನು ಗೂಢ ಸಂದೇಶದ ಕೆಳಗೆ ಹಿಡಿದು ಸರಿಸುತ್ತಾ ಹೋದರೆ, ಒಂದೇ ಅಕ್ಷರ ಮೇಲೆ ಕೆಳಗೆ ಬಂದ ಜಾಗ ತಪ್ಪು ಎಂದು ಬಿಡಬಹುದು. ಉಳಿದ ಜಾಗ ಹಿಡಿದು ಯಂತ್ರಕ್ಕೆ ಕೊಟ್ಟರೆ ಅದು ಸಾವಿರಾರು ಹೊಂದಿಕೆಗಳನ್ನು ಪರೀಕ್ಷಿಸಿ, ತನಗೆ ತಾನೇ ವಿರುದ್ಧವಾಗುವುದನ್ನೆಲ್ಲ ತಳ್ಳಿಹಾಕಿ, ಅನುಮಾನ ಬಂದಲ್ಲಿ ನಿಲ್ಲುತ್ತಿತ್ತು. ನಿಂತಾಗ ಮತ್ತೆ ಮನುಷ್ಯ ಬಂದು ಇದು ನಿಜವೋ ಎಂದು ನೋಡಬೇಕು. ಯುದ್ಧ ಮುಗಿಯುವಾಗ ಅಂಥ ಇನ್ನೂರಕ್ಕೂ ಹೆಚ್ಚು ಯಂತ್ರಗಳಿದ್ದವು, ಅವುಗಳ ಮುಂದೆ ಹಗಲೂ ರಾತ್ರಿ ನಿಂತು ವೈರು ಚುಚ್ಚುತ್ತಿದ್ದವರು ಹೆಚ್ಚಿನವರು ನನಗಿಂತ ಎರಡು ಮೂರು ವರ್ಷ ದೊಡ್ಡ ಹುಡುಗಿಯರು. ಮನುಷ್ಯನ ಊಹೆ, ಯಂತ್ರದ ವೇಗ, ಮತ್ತೆ ಮನುಷ್ಯನ ತೀರ್ಮಾನ. ಮನಸ್ಸು ಮತ್ತು ಯಂತ್ರ ಬೆರೆಯುವುದಕ್ಕೆ ತಲೆ ಕೊರೆಯಬೇಕಾಗಿರಲಿಲ್ಲ, ಅದು 1940ರಲ್ಲೇ ಒಂದು ಕೊಟ್ಟಿಗೆಯಂಥ ಕಟ್ಟಡದಲ್ಲಿ ಆಗಿಹೋಗಿತ್ತು.

ಅಲ್ಲಿ ಅವರ ಬಗ್ಗೆ ಕಥೆಗಳು ತುಂಬಾ ಇವೆ. ಹೂವಿನ ಪರಾಗ ಆಗದೆ ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೈಕಲ್ ಹೊಡೆಯುತ್ತಿದ್ದರು, ಚಹಾದ ಕಪ್ಪನ್ನು ಯಾರೂ ಒಯ್ಯದಂತೆ ಸರಪಳಿ ಹಾಕಿ ಕಟ್ಟುತ್ತಿದ್ದರು. ನನಗೆ ಇಷ್ಟವಾದದ್ದು ಬೆಳ್ಳಿಯ ಕಥೆ. ಜರ್ಮನ್ನರು ಗೆದ್ದರೆ ಬ್ಯಾಂಕಿನ ಹಣ ಮುಳುಗುತ್ತದೆ ಎಂದು ಹೆದರಿ ಸುಮಾರು 250 ಪೌಂಡಿನ ಬೆಳ್ಳಿ ಗಟ್ಟಿ ಕೊಂಡು ಕಾಡಿನಲ್ಲಿ ಹೂಳಿದರು. ಎಲ್ಲಿ ಹೂಳಿದ್ದೆಂದು ಸ್ವತಃ ಗೂಢಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದರು. ಯುದ್ಧ ಮುಗಿದ ಮೇಲೆ ಹುಡುಕಿದರೆ ಜಾಗವೇ ಬದಲಾಗಿತ್ತು, ಬೆಳ್ಳಿ ಕೊನೆಗೂ ಸಿಗಲಿಲ್ಲ. ಎನಿಗ್ಮಾ ಬಿಡಿಸಿದವರ ಬಂಡವಾಳ ಹೀಗಾಯಿತು. ಇದನ್ನು ಯಾವ ಖಾತೆಗೆ ಡೆಬಿಟ್ ಮಾಡಬೇಕೆಂದು ಅಕೌಂಟೆನ್ಸಿ ಓದುವವರು ಹೇಳಲಿ.

ಯುದ್ಧದ ನಂತರ ಅವರು ಸರ್ಕಾರಿ ಪ್ರಯೋಗಾಲಯದಲ್ಲಿ ನಿಜವಾದ ಕಂಪ್ಯೂಟರಿನ ನಕ್ಷೆ ಮಾಡಿದರು. 1947ರಲ್ಲಿ ಒಂದು ಭಾಷಣದಲ್ಲಿ, ಎಂದೂ ತಪ್ಪದ ಯಂತ್ರ ಬೇಕು ಎಂದರೆ ಅದೇ ಯಂತ್ರ ಬುದ್ಧಿವಂತವೂ ಆಗಿರಬೇಕೆಂದು ಕೇಳಬೇಡಿ ಎಂಬ ಅರ್ಥದ ಮಾತು ಹೇಳಿದರು. ಮನುಷ್ಯರಿಗೆ ಕೊಡುವ ಅವಕಾಶವನ್ನು ಯಂತ್ರಕ್ಕೂ ಕೊಡಬೇಕು ಎಂಬುದು ಅವರ ವಾದ. 1948ರ ವರದಿಯಲ್ಲಿ ಇನ್ನೂ ಮುಂದೆ ಹೋದರು. ಮನುಷ್ಯನ ಒಂದೊಂದೇ ಭಾಗ ತೆಗೆದು ಯಂತ್ರದ ಭಾಗ ಜೋಡಿಸುತ್ತಾ ಹೋದರೆ ಹೇಗೆ? ಕಣ್ಣಿಗೆ ಕ್ಯಾಮೆರಾ, ಕಿವಿಗೆ ಮೈಕು, ಕಾಲಿಗೆ ಚಕ್ರ. ಅಂಥದ್ದು ಊರೆಲ್ಲ ತಿರುಗಿ ತಾನೇ ಕಲಿಯಬೇಕು. ಆದರೂ ಅದಕ್ಕೆ ಊಟದ ರುಚಿಯಾಗಲಿ ಆಟದ ಖುಷಿಯಾಗಲಿ ಗೊತ್ತಾಗುವುದಿಲ್ಲ ಎಂದು ಅವರೇ ಒಪ್ಪಿಕೊಂಡು, ದೇಹವಿಲ್ಲದ ಮಿದುಳಿನಿಂದ ಶುರುಮಾಡುವುದೇ ಮೇಲು ಎಂದರು. ಪ್ರಯೋಗಾಲಯದ ಮುಖ್ಯಸ್ಥರು ಇದನ್ನು ಶಾಲಾ ಹುಡುಗನ ಪ್ರಬಂಧವೆಂದು ತಳ್ಳಿಹಾಕಿದರು. ಇವತ್ತಿನ ಎಐ ಕಲಿಯುವ ರೀತಿಗೆ ಹತ್ತಿರವಾದ, ನರಗಳ ಜಾಲದಂಥ ಯಂತ್ರದ ಯೋಚನೆ ಆ ವರದಿಯಲ್ಲೇ ಇದೆ. ಶಾಲಾ ಪ್ರಬಂಧ ಬರೆಯುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕೇ?

ಆಗ ಅವರ ಬಳಿ ಯೋಚನೆ ಇತ್ತು, ಅದನ್ನು ನಡೆಸುವ ಯಂತ್ರ ಇರಲಿಲ್ಲ. ಗೆಳೆಯರೊಬ್ಬರ ಜೊತೆ ಚೆಸ್ ಆಡುವ ನಿಯಮಗಳನ್ನು ಬರೆದಿಟ್ಟಿದ್ದರು. 1952ರಲ್ಲಿ ಅವರೇ ಯಂತ್ರವಾಗಿ ಕೂತರು. ತನ್ನ ಬುದ್ಧಿ ಒಂದಿಷ್ಟೂ ಬಳಸದೆ, ನಿಯಮ ಹೇಳಿದಂತೆ ಕಾಗದದ ಮೇಲೆ ಲೆಕ್ಕ ಮಾಡಿ, ಒಂದೊಂದು ನಡೆಗೆ ಸುಮಾರು ಅರ್ಧ ಗಂಟೆ ತೆಗೆದುಕೊಂಡು ಆಡಿದರು, ಸೋತರು. ತನಗೆ ಒಳ್ಳೆಯ ನಡೆ ಕಣ್ಣಿಗೆ ಕಾಣುತ್ತಿದ್ದರೂ ನಿಯಮ ಹೇಳಿದ ಕೆಟ್ಟ ನಡೆಯನ್ನೇ ಆಡುತ್ತಾ ಕೂರುವುದು ಎಂಥ ಕಷ್ಟ! ಮೆದುಳಿನ ಚಿಪ್ಪಿನ ಬಗ್ಗೆ ಕೇಳಿದಾಗೆಲ್ಲ ನನಗೆ ಈ ಆಟ ನೆನಪಾಗುತ್ತದೆ. ಅಲ್ಲಿ ಯಂತ್ರ ಮನುಷ್ಯನ ಒಳಗೆ ಕೂತಿತ್ತು, ಮನುಷ್ಯ ಅದಕ್ಕೆ ಕೈ ಮಾತ್ರ ಆಗಿದ್ದ.

1950ರಲ್ಲಿ ಮೈಂಡ್ ಎಂಬ ಪತ್ರಿಕೆಯಲ್ಲಿ ಅವರ ಅತ್ಯಂತ ಹೆಸರಾದ ಲೇಖನ ಬಂತು. ತೆರೆಯ ಹಿಂದಿರುವುದು ಮನುಷ್ಯನೋ ಯಂತ್ರವೋ ಎಂದು ಬರಿಯ ಪ್ರಶ್ನೋತ್ತರದಿಂದ ಹೇಳಲಾಗದಿದ್ದರೆ, ಯಂತ್ರ ಯೋಚಿಸುತ್ತದೆ ಎಂದು ಒಪ್ಪಬಾರದೇಕೆ ಎಂಬುದು ಅದರ ಪ್ರಶ್ನೆ. ಐವತ್ತು ವರ್ಷದಲ್ಲಿ ನೂರು ಕೋಟಿ ಬಿಟ್ ಜಾಗವಿರುವ ಯಂತ್ರ ಇದನ್ನು ಸಾಕಷ್ಟು ಮಟ್ಟಿಗೆ ಮಾಡೀತು ಎಂದು ಅವರ ಅಂದಾಜು. ನೂರು ಕೋಟಿ ಬಿಟ್ ಎಂದರೆ 125 ಎಂಬಿ, ಮದುವೆಯ ಒಂದು ವಿಡಿಯೊಗೂ ಸಾಲದು.

ಆ ಲೇಖನದಲ್ಲಿ ಆತ್ಮದ ಆಕ್ಷೇಪಕ್ಕೂ ಉತ್ತರವಿದೆ. ದೇವರು ಆತ್ಮ ಕೊಟ್ಟದ್ದು ಮನುಷ್ಯನಿಗೆ ಮಾತ್ರ, ಆದ್ದರಿಂದ ಯಂತ್ರ ಯೋಚಿಸದು ಎನ್ನುವವರಿಗೆ ಅವರು ಕೇಳುತ್ತಾರೆ: ದೇವರು ಮನಸ್ಸು ಮಾಡಿದರೆ ಆನೆಗೂ ಆತ್ಮ ಕೊಡಲಾರನೇ, ಅವನ ಶಕ್ತಿಗೆ ನಾವೇಕೆ ಗೆರೆ ಎಳೆಯಬೇಕು? ಈ ವಾದ ನನಗೆ ಹಿಡಿಸಿತು. ಆದರೆ ಅದೇ ಜಾಗದಲ್ಲಿ ಮುಸ್ಲಿಮರು ಹೆಂಗಸರಿಗೆ ಆತ್ಮವಿಲ್ಲ ಎಂದು ನಂಬುತ್ತಾರೆ ಎಂಬಂತೆ ಒಂದು ಮಾತು ಬರೆದಿದ್ದಾರೆ. ಹೆಣ್ಣುಮಗಳಾಗಿ, ಮುಸ್ಲಿಮಳಾಗಿ ನಾನು ಇದನ್ನು ಓದಿ ಹಾಗೇ ಪುಟ ತಿರುಗಿಸಲಾರೆ. ಅದು ಯುರೋಪಿನಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತಿದ್ದ ಸುಳ್ಳು. ಸೂರಾ ಅಹ್‌ಜಾಬಿನ 35ನೆಯ ಆಯತ್ತಿನಲ್ಲಿ ಗಂಡಸರನ್ನೂ ಹೆಂಗಸರನ್ನೂ ಜೊತೆಜೊತೆಯಾಗಿ ಹೆಸರಿಸಿ ಒಂದೇ ಪ್ರತಿಫಲದ ಭರವಸೆ ಇದೆ. ಸೂರಾ ನಹ್ಲ್‌ನಲ್ಲೂ ಒಳ್ಳೆಯ ಕೆಲಸ ಮಾಡಿದವರು ಗಂಡಾಗಲಿ ಹೆಣ್ಣಾಗಲಿ ಫಲ ಒಂದೇ. ಎಲ್ಲವನ್ನೂ ಪರೀಕ್ಷಿಸಿ ನೋಡುವ ಮನುಷ್ಯ ಪಕ್ಕದ ಧರ್ಮದ ಬಗ್ಗೆ ಕೇಳಿದ್ದನ್ನು ಪರೀಕ್ಷಿಸಲಿಲ್ಲ. ನಾವು ಇಂದು ಎಐ ಹೇಳಿದ್ದನ್ನು ನಂಬುವುದೂ ಹೀಗೇ. ಅದು ಕಲಿಯುವುದು ಜನ ಬರೆದದ್ದರಿಂದ, ಜನ ಬರೆದ ಸುಳ್ಳೂ ಅದರಲ್ಲಿ ಇರುತ್ತದೆ.

ನಮ್ಮ ಮನೆಯಲ್ಲಿ ದಿಮಾಗ್ ಬೇರೆ, ರೂಹ್ ಬೇರೆ. ಲೆಕ್ಕ ಮಾಡುವುದು ದಿಮಾಗ್. ಅದನ್ನು ಯಂತ್ರಕ್ಕೆ ಜೋಡಿಸಬಹುದು ಎಂದು ಟ್ಯೂರಿಂಗ್ ನನ್ನನ್ನು ಒಪ್ಪಿಸಿದ್ದಾರೆ. ರೂಹ್ ಬಗ್ಗೆ ಮನುಷ್ಯರಿಗೆ ಕೊಟ್ಟಿರುವ ಅರಿವು ಸ್ವಲ್ಪವೇ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ, ಅಲ್ಲಿ ಅವರು ನನ್ನನ್ನು ಒಪ್ಪಿಸಲಾಗಿಲ್ಲ.

ಕೊನೆಯ ಭಾಗ ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಬಿಟ್ಟರೆ ಅವರ ಸಾವು ಅರ್ಥವಾಗುವುದಿಲ್ಲ. 1952ರಲ್ಲಿ ಒಬ್ಬ ಗಂಡಸಿನ ಜೊತೆ ಸಂಬಂಧವಿತ್ತೆಂದು ಅವರ ಮೇಲೆ ಕೇಸಾಯಿತು, ಆಗಿನ ಬ್ರಿಟಿಷ್ ಕಾನೂನಿನಲ್ಲಿ ಅದು ಅಪರಾಧ. ಜೈಲಿನ ಬದಲು ಒಂದು ವರ್ಷ ಹಾರ್ಮೋನ್ ಔಷಧಿ ತೆಗೆದುಕೊಳ್ಳಬೇಕಾಯಿತು. ಸರ್ಕಾರದ ಗುಟ್ಟಿನ ಕೆಲಸದ ಬಾಗಿಲು ಮುಚ್ಚಿತು. ಇಂಥ ಸಂಬಂಧವನ್ನು ನಮ್ಮ ಮನೆಗಳಲ್ಲಿ ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ದೇಶ ಉಳಿಸಿದ ಮನುಷ್ಯನ ದೇಹಕ್ಕೆ ಔಷಧಿ ಸುರಿದು, ಕೆಟ್ಟ ಯಂತ್ರವನ್ನು ರಿಪೇರಿ ಮಾಡುವಂತೆ ಅವರನ್ನು ಸರಿಮಾಡಲು ಹೊರಟಿದ್ದನ್ನು ಓದಿ ನನಗೆ ಭಯವಾಯಿತು. ಯಂತ್ರವನ್ನೂ ಮನುಷ್ಯರಂತೆ ನೋಡಬೇಕೆಂದು ಕೇಳಿದವರು ಅವರು.

1954ರ ಜೂನ್ 7ರಂದು ಅವರು ಸಯನೈಡಿನಿಂದ ತೀರಿಕೊಂಡರು, ನಲವತ್ತೆರಡು ತುಂಬಲು ಹದಿನಾರು ದಿನ ಬಾಕಿ ಇತ್ತು. ಆತ್ಮಹತ್ಯೆ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಮನೆಯಲ್ಲಿ ರಾಸಾಯನಿಕ ಇಟ್ಟುಕೊಂಡು ಪ್ರಯೋಗ ಮಾಡುವ ಅಭ್ಯಾಸವಿದ್ದ ಮಗನದು ಅಕಸ್ಮಾತ್ ಸಾವು ಎಂದೇ ತಾಯಿ ನಂಬಿದ್ದರು. ಬ್ರಿಟಿಷ್ ಪ್ರಧಾನಿ 2009ರಲ್ಲಿ ಕ್ಷಮೆ ಕೇಳಿದರು, 2013ರಲ್ಲಿ ರಾಣಿಯ ಕ್ಷಮಾದಾನ ಬಂತು. 2021ರಲ್ಲಿ ಅವರ ಹುಟ್ಟಿದ ದಿನವೇ ಅವರ ಚಿತ್ರದ 50 ಪೌಂಡಿನ ನೋಟು ಚಲಾವಣೆಗೆ ಬಂತು, ಅದರ ಮೇಲೆ ಆ ಬಾಂಬ್ ಯಂತ್ರದ ನಕ್ಷೆಯೂ ಇದೆ.

ಪೊದನೂರಿನಲ್ಲಿ ಹುಟ್ಟಿದ ಆ ತಾಯಿ 1959ರಲ್ಲಿ, ಎಪ್ಪತ್ತೆಂಟರ ವಯಸ್ಸಿನ ಆಸುಪಾಸಿನಲ್ಲಿ, ಮಗನ ಜೀವನ ಚರಿತ್ರೆ ಬರೆದು ಪ್ರಕಟಿಸಿದರು. ಯುದ್ಧದಲ್ಲಿ ಅವರು ಮಾಡಿದ ಕೆಲಸ ಆಗಲೂ ಸರ್ಕಾರದ ಗುಟ್ಟಾಗಿತ್ತು, ಹೊರಬಂದದ್ದು 1974ರಲ್ಲಿ. ಮಗ ಏನು ಮಾಡಿದ್ದನೆಂದು ಗೊತ್ತಿಲ್ಲದೆಯೇ ತಾಯಿ ಆ ಪುಸ್ತಕ ಮುಗಿಸಿದ್ದರು.